ಏನೇ, ಇಷ್ಟು ಕಪ್ಪಾಗ್ಬಿಟ್ಟಿದೀಯ!

ಡಿಸೆಂಬರ್ ಬಂತು ಅಂದ್ರೆ ಜಯನಗರದ ನನ್ನ ಕೌನ್ಸೆಲಿಂಗ್ ಕೋಣೆಗೆ ಹೊರದೇಶದಿಂದ ರಜೆಗೆ ಬಂದವರು ಜಾಸ್ತಿ. ಹಲವರ ಸಂಕಟ ಏರ್‌ಪೋರ್ಟಿನಲ್ಲೇ ಶುರುವಾಗಿರುತ್ತದೆ. "ಏನೇ, ಇಷ್ಟು ಕಪ್ಪಾಗ್ಬಿಟ್ಟಿದೀಯ! ಅಲ್ಲಿ ಬಿಸಿಲೇ ಇಲ್ಲ ಅಂತಿದ್ಯಲ್ಲ?" ದೊಡ್ಡಮ್ಮ ಹೇಳಿದ್ದು ಪ್ರೀತಿಯಿಂದಲೇ. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬಂದವಳಿಗೆ ಮಾತ್ರ ಬೇರೆ ಥರ ಕೇಳಿಸುತ್ತದೆ.

ಜರ್ಮನಿಯಲ್ಲಿ ಕೆಲಸ ಮಾಡುವ ಒಬ್ಬಳ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಲ್ಲಿ ಬೇಸಿಗೆ ಬಂದರೆ ಆಫೀಸಿನವರು ಮೈ ಕಂದಾಗಲಿ ಅಂತಲೇ ಪಾರ್ಕಿನಲ್ಲಿ ಬಿಸಿಲಿಗೆ ಮಲಗುತ್ತಾರೆ. ಇವಳ ಬಣ್ಣ ಕಂಡು "ಎಷ್ಟು ಚೆಂದ" ಅಂತಾರೆ. ಇಲ್ಲಿ ಬಂದರೆ ಅದೇ ಬಣ್ಣಕ್ಕೆ ಕಡ್ಲೆಹಿಟ್ಟು, ಅರಿಶಿನ. "ಎರಡೂ ಕಡೆ ನನ್ನ ಮುಖದ್ದೇ ಮಾತು ಮೇಡಂ. ಹೇಗಿದೀಯಾ ಅಂತ ಯಾರೂ ಕೇಳಲ್ಲ."

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಕಿತ್ತುಹಾಕಿತು. ನಮ್ಮ ನಾಲಿಗೆಗೆ ಮಾತ್ರ ಅದಿನ್ನೂ ಆಗಿಲ್ಲ. (ಬೆಳ್ಳಗಾಗಲು ಸ್ಟೀರಾಯ್ಡ್ ಕ್ರೀಮ್ ಹಚ್ಚುವವರೂ ಇದ್ದಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಉರಿ. ದಯವಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ.)

ಇವಳು ವಿಚಾರಿಸಲು ಬಂದಿದ್ದು ಮೂಗಿನ ಆಪರೇಷನ್ ಬಗ್ಗೆ. ಇಂಥವರಿಗೆ ನಾನು ಮೊದಲು ಕೇಳುವುದು "ಯಾವಾಗಿನಿಂದ?" ಅಂತ. ಬೆಂಗಳೂರಿನಲ್ಲಿದ್ದಷ್ಟು ದಿನ ಆ ಮೂಗಿನ ತಂಟೆಯೇ ಇರಲಿಲ್ಲ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಶುರುವಾಗಿದೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಕೆಲಸ ಮನೆಯಿಂದ. ದಿನವಿಡೀ ವಿಡಿಯೋ ಕಾಲ್, ಮೂಲೆಯಲ್ಲಿ ತನ್ನದೇ ಮುಖ. ಮಾತಾಡೋಕೆ ಜನ ಇಲ್ಲ ಅಂದ್ರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ? ಮೂಗಿನ ಕೊರಗನ್ನು ಸ್ವಲ್ಪ ಕೆದಕಿದರೆ ಎಷ್ಟೋ ಸಲ ಕೆಳಗೆ ಸಿಗುವುದು ಮನೆಯ ನೆನಪು, 'ಇಲ್ಲಿ ನಾನು ಹೊರಗಿನವಳು' ಅನ್ನುವ ಅಳುಕು.

ಕ್ಯಾಮೆರಾದ್ದೂ ಕಿತಾಪತಿ ಇದೆ. ಒಂದಡಿ ದೂರದಿಂದ ಸೆಲ್ಫಿ ತೆಗೆದರೆ ಮೂಗು ಇರುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದಡಿ ದೂರ ಹೋದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗು ತಾನೇ?

ಎಲ್ಲರದ್ದೂ ಇಷ್ಟು ಸುಲಭ ಅಲ್ಲ. ಗಂಟೆಗಟ್ಟಲೆ ಕನ್ನಡಿ ಬಿಡದವರು, ಮುಖ ತೋರಿಸಲಾಗದೆ ಮನೆಯಲ್ಲೇ ಕೂತವರು ಇದ್ದಾರೆ. ಅದು ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಇರಬಹುದು, ಅಂದರೆ ರೂಪದಲ್ಲಿ ಇಲ್ಲದ ಅಥವಾ ತೀರಾ ಸಣ್ಣ ಕುಂದನ್ನೇ ದೊಡ್ಡದು ಮಾಡಿಕೊಂಡು ಕೊರಗುವ ಮಾನಸಿಕ ಕಾಯಿಲೆ. ಅದಕ್ಕೆ ಥೆರಪಿ ಇದೆ, ಮಾತ್ರೆ ಇದೆ. ಆಪರೇಷನ್ನಿಂದ ಸಮಾಧಾನ ಸಿಗುವುದು ಅಪರೂಪ, ಕೊರಗು ಮೂಗಿನಿಂದ ಗಲ್ಲಕ್ಕೆ ಹೋಗುತ್ತದೆ ಅಷ್ಟೇ. ಊರಲ್ಲಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇವಳಿಗೆ ನಾನು ಕೊಟ್ಟ ಹೋಂವರ್ಕ್ ಎರಡು. ಕಾಲ್‌ನಲ್ಲಿ ತನ್ನ ಮುಖ ತನಗೆ ಕಾಣದ ಹಾಗೆ ಸೆಟ್ಟಿಂಗ್ ಬದಲಿಸಬೇಕು, ವಾರಕ್ಕೊಮ್ಮೆ ಯಾರ ಜೊತೆಗಾದರೂ ಕೂತು ಊಟ ಮಾಡಬೇಕು. ವಾಪಸ್ ಹೋದ ಮೇಲಿನ ಸೆಷನ್ನಿಗೆ ಫೋನನ್ನು ದೂರದ ಶೆಲ್ಫಿನ ಮೇಲಿಟ್ಟು ಕೂತಿದ್ದಳು. "ಮೂಗು ಪರವಾಗಿಲ್ಲ ಮೇಡಂ. ಮನೆ ಗಲೀಜೆಲ್ಲ ಕಾಣ್ತಿದೆ."