ಇಪಿ ಅಂದರೆ ಎಷ್ಟು ಉದ್ದ?

ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಹೊಸ ಬಿಡುಗಡೆಗಳನ್ನು ತೆರೆದರೆ ಬ್ಯಾಂಡಿನ ಹೆಸರಿನ ಕೆಳಗೆ ಮೂರರಲ್ಲಿ ಒಂದು ಪದ ಇರುತ್ತದೆ: ಸಿಂಗಲ್, ಇಪಿ, ಆಲ್ಬಮ್. ಮೊದಲನೆಯದೂ ಕೊನೆಯದೂ ಎಲ್ಲರಿಗೂ ಗೊತ್ತು, ತಕರಾರೆಲ್ಲ ನಡುವಿನದ್ದೇ. ಹಾಸನದ ಕಾಲೇಜು ಹುಡುಗರು ಐದು ಹಾಡು ಬಿಟ್ಟರೆ ಗೆಳೆಯರು ‘ಆಲ್ಬಮ್ ಬಿಟ್ಟವ್ರೆ ಮಗಾ’ ಅಂತ ಸ್ಟೇಟಸ್ ಹಾಕುತ್ತಾರೆ. ಮನೆಯಲ್ಲಿ ಚಿಕ್ಕಪ್ಪ ‘ಐದೇನಾ? ದುಡ್ಡು ಸಾಲ್ಲಿಲ್ವೇನೋ?’ ಅನ್ನುತ್ತಾರೆ. ಒಬ್ಬರು ಹೊಗಳಿದರು, ಒಬ್ಬರು ಕಾಲೆಳೆದರು. ಆದರೆ ಇಬ್ಬರ ಕೈಯಲ್ಲೂ ಇರುವುದು ಆಲ್ಬಮ್‌ನ ಅಳತೆಗೋಲೇ.

ಇಪಿ ಎಂದರೆ ಎಕ್ಸ್‌ಟೆಂಡೆಡ್ ಪ್ಲೇ, ಹಿಗ್ಗಿಸಿದ ವಾದನ. ಹಿಗ್ಗಿಸಿದ್ದು ಯಾವುದನ್ನು? ಸಿಂಗಲ್ಲನ್ನು. ಆಲ್ಬಮ್ಮನ್ನು ಕತ್ತರಿಸಿದಾಗ ಹುಟ್ಟಿದ್ದಲ್ಲ ಇದು, ಒಂದೆರಡು ಹಾಡಿನ ತಟ್ಟೆಗೆ ಇನ್ನೆರಡು ಹಾಡು ತುಂಬಿದಾಗ ಹುಟ್ಟಿದ್ದು. ಇದೊಂದು ಗೊತ್ತಿದ್ದರೆ ‘ಐದೇನಾ?’ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಮೊದಲಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹೆಚ್ಚುಕಡಿಮೆ ಮೂರು ನಿಮಿಷ, ಅಷ್ಟೇ. ಉದ್ದನೆಯ ಕೃತಿಯಾದರೆ ನಾಲ್ಕೈದು ತಟ್ಟೆ ಬೇಕು. ಅವನ್ನು ಫೋಟೋ ಆಲ್ಬಮ್ಮಿನಂಥ ರಟ್ಟಿನ ಪುಸ್ತಕದ ಹಾಳೆಚೀಲಗಳಲ್ಲಿ ಇಟ್ಟು ಮಾರುತ್ತಿದ್ದರು. ಹಾಡಿನ ಗುಚ್ಛಕ್ಕೆ ‘ಆಲ್ಬಮ್’ ಎಂಬ ಹೆಸರು ಬಂದದ್ದು ಆ ಪುಸ್ತಕದಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ) ತಂದಿತು, ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಮರುವರ್ಷವೇ ಆರ್‌ಸಿಎ ವಿಕ್ಟರ್ ಏಳಿಂಚಿನ, 45 ಸುತ್ತಿನ ಪುಟ್ಟ ತಟ್ಟೆ ತಂದಿತು, ಮಗ್ಗುಲಿಗೊಂದು ಹಾಡು. ಒಂದು ಕಡೆ ಹನ್ನೆರಡು ಹಾಡಿನ ದೊಡ್ಡ ತಟ್ಟೆ, ಇನ್ನೊಂದು ಕಡೆ ಎರಡು ಹಾಡಿನ ಚಿಕ್ಕ ತಟ್ಟೆ. 1950ರ ದಶಕದ ಆರಂಭದಲ್ಲಿ ಆ ಚಿಕ್ಕ ತಟ್ಟೆಯಲ್ಲೇ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಮಗ್ಗುಲಿಗೆ ಏಳು, ಏಳೂವರೆ ನಿಮಿಷದವರೆಗೆ ಹಿಡಿಸಿದರು. ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡಾಯಿತು. ಅದೇ ಇಪಿ.

ಆದರೆ ಒತ್ತಿ ತುಂಬಿದ್ದಕ್ಕೆ ಬೆಲೆ ಇದೆ. ತಟ್ಟೆಯ ಗೆರೆ ನೇರ ಗೆರೆಯಲ್ಲ, ಸದ್ದಿನ ಜೊತೆ ಅತ್ತಿತ್ತ ಬಳುಕುತ್ತದೆ. ಸದ್ದು ಜೋರಾದಷ್ಟೂ, ಬೇಸ್ ಹೆಚ್ಚಿದಷ್ಟೂ ಬಳುಕು ಅಗಲ. ಪಕ್ಕದ ಗೆರೆ ಹತ್ತಿರದಲ್ಲೇ ಇದ್ದರೆ ಈ ಬಳುಕು ಅದರ ಗೋಡೆಗೆ ತಾಗುತ್ತದೆ, ಮುಳ್ಳು ಗೆರೆ ಬಿಟ್ಟು ಹಾರುತ್ತದೆ. ಹಾಗಾಗಿ ಇಪಿ ಕೊರೆಯುವವರು ಸದ್ದಿನ ಮಟ್ಟ ಇಳಿಸಿ, ಬೇಸ್ ತಗ್ಗಿಸಿ ಕೊರೆಯುತ್ತಿದ್ದರು. ಒಂದೇ ಹಾಡನ್ನು ಸಿಂಗಲ್ಲಿನಲ್ಲೂ ಇಪಿಯಲ್ಲೂ ಕೇಳಿದರೆ ಇಪಿಯದು ತುಸು ಮೆತ್ತಗೆ ಕೇಳಿಸುವುದು ಇದಕ್ಕೇ. ಇಂದು ಕೆಲವು ರಾಕ್ ಬ್ಯಾಂಡ್‌ಗಳು ಇಪಿಯನ್ನು ಹನ್ನೆರಡಿಂಚಿನ ತಟ್ಟೆಯಲ್ಲಿ 45 ಸುತ್ತಿಗೆ ಒತ್ತಿಸುವುದು ಉಲ್ಟಾ ಲೆಕ್ಕದಲ್ಲಿ: ಜಾಗ ಧಾರಾಳ, ವೇಗ ಹೆಚ್ಚು, ಡ್ರಮ್ಸೂ ಬೇಸೂ ತುಂಬಿಕೊಂಡು ಬರುತ್ತವೆ.

ಹಾಸನದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಏಳಿಂಚಿನ ತಟ್ಟೆ ಸಿಕ್ಕರೆ ಲೇಬಲ್ ಓದಿ. ಹಳೆಯ ಕನ್ನಡ ಸಿನಿಮಾದ ನಾಲ್ಕು ಹಾಡು, 45 ಎಂಬ ಅಂಕಿ ಇದ್ದರೆ ನಿಮ್ಮ ಕೈಯಲ್ಲಿರುವುದು ಇಪಿಯೇ. ಅದನ್ನು 33ರ ವೇಗದಲ್ಲಿ ಹಾಕಿದರೆ ಶ್ರುತಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕೆಳಗೆ ಕುಸಿಯುತ್ತದೆ. ಷಡ್ಜ ಇದ್ದದ್ದು ಮಂದ್ರದ ಪಂಚಮದ ಹತ್ತಿರ ಹೋಗಿ ಕೂರುತ್ತದೆ, ಗಾಯಕಿಯ ದನಿ ಗಂಡು ದನಿಯಾಗುತ್ತದೆ. ತಟ್ಟೆ ಹಾಳಾಗಿದೆ ಅಂತ ಎಸೆಯುವ ಮುಂಚೆ ವೇಗದ ಗುಂಡಿ ನೋಡಿ.

ಹಾಗಾದರೆ ಸಿನಿಮಾ ಹಾಡಿನ ಜೊತೆಗೇ ಮನೆಗೆ ಬಂದಿದ್ದ ಈ ಪದ ನಮ್ಮಲ್ಲಿ ಮರೆತುಹೋದದ್ದು ಹೇಗೆ? ಕ್ಯಾಸೆಟ್ಟಿನಿಂದ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎನಿಸಿಕೊಂಡ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಆಮೇಲೆ ಭಾವಗೀತೆ, ಜನಪದ, ಭಕ್ತಿಗೀತೆ, ಸಿನಿಮಾ ಎಲ್ಲವೂ ಕ್ಯಾಸೆಟ್ಟೇ. ಟೇಪಿಗೆ ಗೆರೆಯ ಇಕ್ಕಟ್ಟಿಲ್ಲ, ಉದ್ದ ಬೇಕೆಂದರೆ ಇನ್ನಷ್ಟು ಸುತ್ತಿದರಾಯಿತು. ದುಡ್ಡು ಕೊಟ್ಟವರಿಗೆ ಎ, ಬಿ ಎರಡೂ ಸೈಡ್ ತುಂಬಿರಬೇಕು, ಎಂಟೋ ಹತ್ತೋ ಹಾಡು. ನಾಲ್ಕು ಹಾಡಿನ ಕ್ಯಾಸೆಟ್ ಮಾರಿದರೆ ಅಂಗಡಿಯವನು ಬೈಸಿಕೊಳ್ಳಬೇಕಿತ್ತು. ಚಿಕ್ಕಪ್ಪನ ‘ಐದೇನಾ?’ ಬಂದದ್ದು ಅಲ್ಲಿಂದ. ಅವರ ತಲೆಯಲ್ಲಿರುವ ಅಳತೆ ಕ್ಯಾಸೆಟ್ಟಿನದು.

ರಾಕ್‌ನಲ್ಲಿ ಪದ ಉಳಿದುಕೊಂಡಿತು, ಅದಕ್ಕೆ ದುಡ್ಡೇ ಕಾರಣ. ಇಂಗ್ಲೆಂಡಿನ ಬಝ್‌ಕಾಕ್ಸ್ ಎಂಬ ಬ್ಯಾಂಡ್ 1977ರ ಜನವರಿಯಲ್ಲಿ ನಾಲ್ಕು ಹಾಡಿನ ಇಪಿ ತಂದಿತು. 500 ಪೌಂಡ್ ಕೈಸಾಲ, ನ್ಯೂ ಹಾರ್ಮೋನ್ಸ್ ಎಂಬ ಸ್ವಂತ ಲೇಬಲ್ (ಹಾಡು ಹೊರತರುವ ಸಂಸ್ಥೆ), ಮೊದಲ ಮುದ್ರಣ 1,000 ತಟ್ಟೆ. ದೊಡ್ಡ ಕಂಪನಿಯ ಬಾಗಿಲು ಕಾಯದೆ ತಟ್ಟೆ ಮಾಡಿಸಬಹುದು ಎಂದು ಇದು ಉಳಿದ ಬ್ಯಾಂಡ್‌ಗಳಿಗೆ ತೋರಿಸಿತು. ‘ಇಂಡೀ’ ಎಂದರೆ ಮೂಲದಲ್ಲಿ ಇದೇ, ಸ್ವತಂತ್ರವಾಗಿ ತಂದ ಹಾಡು. ಅದೊಂದು ಬಗೆಯ ಸಂಗೀತದ ಹೆಸರಾದದ್ದು ಆಮೇಲೆ. ಒಂದು ಹಾಡು ಬಿಟ್ಟರೆ ಬ್ಯಾಂಡಿನ ಗುರುತು ಸಿಗದು, ಹತ್ತು ಮಾಡಲು ಕಾಸಿಲ್ಲ. ನಾಲ್ಕೈದು ಹಾಡು ಸಾಲಕ್ಕೂ ದಕ್ಕುತ್ತದೆ, ಗುರುತಿಗೂ ಸಾಕು.

ಈಗ ತಟ್ಟೆಯ ಜಾಗದಲ್ಲಿ ಸ್ಟ್ರೀಮಿಂಗ್ ಆಪ್‌ಗಳಿವೆ. ಅಲ್ಲಿ ಇಪಿ ಎನ್ನುವುದು ಶುದ್ಧ ಲೆಕ್ಕ. ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎರಡರಲ್ಲೂ ಸೂತ್ರ ಹೆಚ್ಚುಕಡಿಮೆ ಒಂದೇ: 4ರಿಂದ 6 ಟ್ರ್ಯಾಕ್, ಒಟ್ಟು 30 ನಿಮಿಷದ ಒಳಗೆ ಇದ್ದರೆ ಇಪಿ. ಟ್ರ್ಯಾಕ್ ಮೂರೇ ಇದ್ದರೂ ಅದರಲ್ಲೊಂದು 10 ನಿಮಿಷ ಮುಟ್ಟಿದರೆ, ಒಟ್ಟು ಅರ್ಧ ಗಂಟೆ ದಾಟದಿದ್ದರೆ, ಅದೂ ಇಪಿ. 7 ಟ್ರ್ಯಾಕ್ ಆದರೆ, ಇಲ್ಲವೇ 30 ನಿಮಿಷ ದಾಟಿದರೆ ಆಲ್ಬಮ್. ನೀವು ಏನೆಂದು ಕರೆದುಕೊಂಡಿರಿ ಅನ್ನುವುದನ್ನು ಯಂತ್ರ ಕೇಳುವುದಿಲ್ಲ.

ಇಲ್ಲೇ ಬ್ಯಾಂಡ್‌ಗಳು ಎಡವುವುದು. ಆರು ಹಾಡಿನ ಇಪಿಗೆ ಮೊದಲಲ್ಲಿ ನಲವತ್ತು ಸೆಕೆಂಡಿನ ಮುನ್ನುಡಿ ಹಾಕುತ್ತಾರೆ: ಮಳೆ ಸದ್ದು, ದೂರದಲ್ಲೊಂದು ಬಸ್ಸಿನ ಹಾರ್ನ್. ಅದನ್ನು ಬೇರೆ ಟ್ರ್ಯಾಕ್ ಮಾಡಿದರೆ ಎಣಿಕೆ ಏಳಾಯಿತು, ಇಪಿ ಆಲ್ಬಮ್ ಆಯಿತು. ಮುನ್ನುಡಿಯನ್ನು ಮೊದಲ ಹಾಡಿನ ಫೈಲಿಗೇ ಅಂಟಿಸಿದರೆ ಆರೇ ಉಳಿಯುತ್ತದೆ. ಆದರೆ ಆ ಹಾಡನ್ನು ಬಿಡಿಯಾಗಿ ಪ್ಲೇಲಿಸ್ಟಿಗೆ ಹಾಕಿಕೊಂಡವರು ಪ್ರತಿ ಸಲವೂ ಬಸ್ಸಿನ ಹಾರ್ನ್ ಕೇಳಬೇಕು. ನಮ್ಮ ಮಾತು ಕೇಳುವುದಾದರೆ ಮುನ್ನುಡಿಯನ್ನೇ ಬಿಡಿ. ಆರು ಹಾಡಿನ ಇಪಿಗೆ ಬಾಗಿಲ ಮುಂದೆ ಜಗಲಿ ಬೇಕಿಲ್ಲ.

ಲೆಕ್ಕ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡಿ. ಆಲಿಸ್ ಇನ್ ಚೇನ್ಸ್ ಬ್ಯಾಂಡಿನ 1994ರ ‘ಜಾರ್ ಆಫ್ ಫ್ಲೈಸ್’ ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಮೊದಲ ವಾರವೇ ಒಂದನೇ ಸ್ಥಾನಕ್ಕೆ ಬಂದ ಮೊದಲ ಇಪಿ. ಅದರಲ್ಲಿರುವುದು 7 ಟ್ರ್ಯಾಕ್, ಅವಧಿ 30 ನಿಮಿಷಕ್ಕಿಂತ ಚೂರು ಹೆಚ್ಚು. ಇವತ್ತಿನ ಸೂತ್ರದಲ್ಲಿ ಅದು ಆಲ್ಬಮ್. ಬೀಟಲ್ಸ್‌ನ ‘ಮ್ಯಾಜಿಕಲ್ ಮಿಸ್ಟರಿ ಟೂರ್’ 1967ರಲ್ಲಿ ಬ್ರಿಟನ್ನಿನಲ್ಲಿ ಆರು ಹಾಡಿನ ಜೋಡಿ ಇಪಿಯಾಗಿ ಬಂತು, ಅಮೆರಿಕದಲ್ಲಿ ಆ ವರ್ಷದ ಸಿಂಗಲ್‌ಗಳನ್ನು ಸೇರಿಸಿ ಎಲ್‌ಪಿ ಮಾಡಿದರು. ಗ್ರ್ಯಾಮಿ ಪ್ರಶಸ್ತಿಯವರಿಗೆ ಐದು ಬೇರೆ ಬೇರೆ ಟ್ರ್ಯಾಕ್, 15 ನಿಮಿಷ ಇದ್ದರೆ ಆಲ್ಬಮ್ ವಿಭಾಗಕ್ಕೆ ಸಾಕು. ಕೊರಿಯಾದವರು ಇಪಿಯನ್ನೇ ‘ಮಿನಿ ಆಲ್ಬಮ್’ ಅನ್ನುತ್ತಾರೆ. ಕೆ-ಪಾಪ್ ಕೇಳುವ ಹೈಸ್ಕೂಲ್ ಹುಡುಗಿಯರಿಗೆ ನಮ್ಮ ಈ ವಿವರಣೆಯೆಲ್ಲ ಆ ಒಂದು ಪದದಲ್ಲೇ ಮುಗಿದುಹೋಗುತ್ತದೆ, ಆ ಪದ ನಮಗೆ ಅಷ್ಟು ಒಗ್ಗದಿದ್ದರೂ.

ಹೊಸ ಇಪಿಗಳ ಬಗ್ಗೆ ಕೇಳುಗರ ದೊಡ್ಡ ದೂರು ಇನ್ನೊಂದು: ‘ಐದರಲ್ಲಿ ನಾಲ್ಕು ಆಗಲೇ ಕೇಳಿದ್ದು.’ ದೂರು ನಿಜ. ಬ್ಯಾಂಡ್ ಒಂದೊಂದೇ ಸಿಂಗಲ್ ಬಿಡುತ್ತಾ ಬಂದು, ಕೊನೆಗೆ ಒಂದು ಹೊಸ ಹಾಡು ಸೇರಿಸಿ ಇಪಿ ಅನ್ನುತ್ತದೆ. ಪ್ರತಿ ಬಿಡುಗಡೆಯೂ ಕೇಳುಗರ ಕಣ್ಣಿಗೆ ಬೀಳಲು ಒಂದು ಅವಕಾಶ, ಅದಕ್ಕೇ ಹೀಗೆ. ತಪ್ಪೇನಿಲ್ಲ. ಆದರೆ ಇದರಲ್ಲಿ ಒಂದು ಗಂಟಿದೆ.

ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಇಡೀ ಇಪಿಗೆ ಬೇರೆ ಬಾರ್‌ಕೋಡ್ ಸಂಖ್ಯೆ. ಸಿಂಗಲ್ಲಾಗಿ ಬಂದ ಹಾಡನ್ನು ಇಪಿಗೆ ಸೇರಿಸುವಾಗ ಅದೇ ಐಎಸ್‌ಆರ್‌ಸಿ, ಅದೇ ಆಡಿಯೋ ಫೈಲ್, ಅದೇ ಹೆಸರು, ಅದೇ ಕಾಗುಣಿತ ಕೊಡಬೇಕು. ಆಗ ಹಳೆಯ ಕೇಳಿಕೆಗಳ ಎಣಿಕೆ ಹೊಸದಕ್ಕೂ ಕೂಡಿಕೊಳ್ಳುತ್ತದೆ. ಒಮ್ಮೆ ಇಂಗ್ಲಿಷ್ ಲಿಪಿಯಲ್ಲಿ, ಇನ್ನೊಮ್ಮೆ ಕನ್ನಡದಲ್ಲಿ ಹೆಸರು ಕೊಟ್ಟರೆ, ಹಾಡನ್ನು ಆಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ ಕೋಡ್ ಖಾಲಿ ಬಿಟ್ಟು ಹೊಸದು ಹುಟ್ಟಿದರೆ, ಎಣಿಕೆ ಸೊನ್ನೆಯಿಂದ ಶುರು. ಗಂಟು ಇದಲ್ಲ, ಮುಂದಿದೆ. ಫೆಬ್ರವರಿಯಲ್ಲಿ ಒಂದು ಹಾಡು, ಮೇನಲ್ಲಿ ಒಂದು, ಬೇರೆ ಬೇರೆ ಕೈಯಲ್ಲಿ ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಆಗಿದೆ. ಸಾಲಾಗಿ ಕೇಳಿದರೆ ಒಂದು ಚುಚ್ಚುತ್ತದೆ, ಇನ್ನೊಂದು ಮಂಕಾಗಿದೆ. ಸರಿಮಾಡಲು ಹೊಸದಾಗಿ ಮಿಕ್ಸ್ ಮಾಡಿದರೆ (ದನಿ, ವಾದ್ಯಗಳನ್ನು ಮತ್ತೆ ಹದವಾಗಿ ಬೆರೆಸಿದರೆ) ಅದು ಹೊಸ ರೆಕಾರ್ಡಿಂಗ್, ಹೊಸ ಕೋಡ್ ಬೇಕು, ಎಣಿಕೆ ಹೋಯಿತು. ಬಿಟ್ಟರೆ ಇಪಿ ತೇಪೆ ಹಾಕಿದ ಕೌದಿ. ಇದಕ್ಕೆ ಮದ್ದು ಮೊದಲೇ ಮಾಡಬೇಕಾದ್ದು: ಐದೂ ಹಾಡಿನ ಮಿಕ್ಸ್ ಮುಗಿಸಿ, ಒಬ್ಬರ ಹತ್ತಿರ ಒಂದೇ ಬಾರಿಗೆ ಮಾಸ್ಟರ್ ಮಾಡಿಸಿಟ್ಟುಕೊಂಡು, ಆಮೇಲೆ ಬಿಡಿಯಾಗಿ ಬಿಡುವುದು.

ಆಪ್‌ಗಳು ಸದ್ದನ್ನು ತಾವೇ ಸಮ ಮಾಡುತ್ತವಲ್ಲ ಅನ್ನಬಹುದು. ಸ್ಪಾಟಿಫೈ -14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ, ನಿಜ. ಆದರೆ ಇಪಿಯನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಹಾಕಿದಾಗ ಇಡೀ ಗುಚ್ಛವನ್ನು ಒಟ್ಟಿಗೆ ಏರಿಳಿಸುತ್ತದೆ, ಹಾಡು ಹಾಡಿನ ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಮೆಲ್ಲನೆಯ ಹಾಡು ಮೆಲ್ಲಗೇ ಇರಲಿ ಅಂತ ಹೀಗೆ. ತೇಪೆಯೂ ಅದರ ಜೊತೆಗೇ ಉಳಿಯುತ್ತದೆ.

ಮಲೆನಾಡಿನ ಅಂಚಿನಲ್ಲಿ ಇಪಿ ಮಾಡುವವರಿಗೆ ಇನ್ನೊಂದು ಲೆಕ್ಕ ಉಂಟು, ಮಳೆಯದ್ದು. ಮೂಡಿಗೆರೆ, ಸಕಲೇಶಪುರದ ಕಡೆ ಆರಿದ್ರೆಯಿಂದ ಆಶ್ಲೇಷದವರೆಗೆ ಶೀಟಿನ ಮಾಡಿನ ಕೆಳಗೆ ದನಿ ರೆಕಾರ್ಡ್ ಮಾಡುವುದು ಆಗದ ಮಾತು. ಮಾಡಿನ ಸದ್ದು ಮೈಕಿಗೆ ಇಳಿದರೆ ಆಮೇಲೆ ತೆಗೆಯಲು ಬರುವುದಿಲ್ಲ. ಸಾಫ್ಟ್‌ವೇರಿನಿಂದ ತೆಗೆದರೆ ಹಾಡುಗಾರನ ಉಸಿರೂ ಸಕಾರ-ಷಕಾರವೂ ಜೊತೆಗೇ ಹೋಗುತ್ತವೆ. ತೇವ ಇನ್ನೂ ಕೆಟ್ಟದ್ದು. ಸೂಕ್ಷ್ಮವಾದ ಕಂಡೆನ್ಸರ್ ಮೈಕಿನೊಳಗೆ ಪಸೆ ಕೂತರೆ ಚಟಪಟ ಅನ್ನಲು ಶುರುಮಾಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು, ಇಲ್ಲವೇ ಮಳೆಗಾಲದ ಮಟ್ಟಿಗೆ ಗಟ್ಟಿಮುಟ್ಟಾದ ಡೈನಾಮಿಕ್ ಮೈಕೇ ವಾಸಿ. ಗಿಟಾರಿನ ತಂತಿಗೆ ತುಕ್ಕು ಹಿಡಿಯುತ್ತದೆ, ಮರ ಉಬ್ಬಿ ಶ್ರುತಿ ಜಾರುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ದನಿ, ಗಿಟಾರ್ ಮುಗಿಸಿಕೊಂಡು, ಮಿಕ್ಸಿಂಗನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಜಾಣತನ. ಡ್ರಮ್ಸ್‌ಗೆ ಮಾತ್ರ ಒಳ್ಳೆಯ ಕೋಣೆ ಬೇಕೇ ಬೇಕು. ಅದೊಂದಕ್ಕೆ ಬೆಂಗಳೂರಿನ ಸ್ಟುಡಿಯೋ ಹಿಡಿದರೂ, ಮೊದಲೇ ಕ್ಲಿಕ್ ಟ್ರ್ಯಾಕ್ (ತಾಳದ ಟಿಕ್‌ಟಿಕ್), ಗೈಡ್ ಟ್ರ್ಯಾಕ್ (ದಾರಿ ತೋರಲು ಹಾಡಿಟ್ಟ ಕಚ್ಚಾ ಹಾಡು) ಸಿದ್ಧಮಾಡಿಕೊಂಡು ಹೋದರೆ ಐದು ಹಾಡು ಒಂದೆರಡು ದಿನದಲ್ಲಿ ಆಗುತ್ತದೆ. ಹತ್ತು ಹಾಡಿಗೆ ಆಗುವುದಿಲ್ಲ. ಇಪಿಯ ಅಳತೆ ಇಲ್ಲಿಯವರಿಗೆ ಒದಗಿ ಬರುವುದು ಇದಕ್ಕೂ ಹೌದು.

ಬಿಡುಗಡೆಗೆ ಶುಕ್ರವಾರವೇ ಏಕೆ? 2015ರ ಜುಲೈ 10ರಿಂದ ಲೋಕದ ಬಹುಪಾಲು ಶುಕ್ರವಾರಕ್ಕೆ ಒಪ್ಪಿಕೊಂಡಿದೆ. ಅದಕ್ಕೂ ಮುಂಚೆ ಬ್ರಿಟನ್ನಿಗೆ ಸೋಮವಾರ, ಅಮೆರಿಕಕ್ಕೆ ಮಂಗಳವಾರ. ವೇವ್ ಫೈಲು, 3000×3000 ಪಿಕ್ಸೆಲ್ ಚೌಕದ ಮುಖಚಿತ್ರ, ಸಾಹಿತ್ಯ, ಬರೆದವರ ಹೆಸರು ಎಲ್ಲವೂ ಮೂರು-ನಾಲ್ಕು ವಾರ ಮೊದಲೇ ಡಿಸ್ಟ್ರಿಬ್ಯೂಟರ್ ಕೈಸೇರಲಿ. ಮುಖಚಿತ್ರದ ಮೇಲೆ ಇನ್‌ಸ್ಟಾಗ್ರಾಮ್ ವಿಳಾಸ, ಫೋನ್ ನಂಬರ್ ಬರೆದರೆ ವಾಪಸ್ ಬರುತ್ತದೆ. ಪ್ಲೇಲಿಸ್ಟಿಗೆ ಹಾಡು ಆರಿಸುವ ಸ್ಪಾಟಿಫೈ ಸಂಪಾದಕರ ಮುಂದೆ ಇಡಲು ಇಪಿಯ ಒಂದೇ ಹಾಡನ್ನು ಆರಿಸಬೇಕು, ಅದೂ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ. ಆಗಲೇ ಸಿಂಗಲ್ಲಾಗಿ ಬಂದಿರುವ ಹಾಡು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಇಪಿಗೆಂದು ಉಳಿಸಿಕೊಂಡ ಆ ಒಂದು ಹೊಸ ಹಾಡು ಉಳಿದಬಳಿದದ್ದಾಗಬಾರದು. ಎಷ್ಟೋ ಬ್ಯಾಂಡ್‌ಗಳು ಒಳ್ಳೆಯದನ್ನೆಲ್ಲ ಮೊದಲೇ ಖಾಲಿ ಮಾಡಿಕೊಂಡು ಇಲ್ಲಿ ಕೈಚೆಲ್ಲುತ್ತವೆ.

ಕೇಳುವವರಿಗೂ ಒಂದು ಮಾತು. ಇಪಿ ಹಾಕುವ ಮುಂಚೆ ಶಫಲ್ ತೆಗೆಯಿರಿ, ಸೆಟ್ಟಿಂಗ್ಸಿಗೆ ಹೋಗಿ ಆಟೋಪ್ಲೇ ಆರಿಸಿ. ಇಲ್ಲದಿದ್ದರೆ ಐದನೇ ಹಾಡು ಮುಗಿದ ತಕ್ಷಣ ಅದರಂಥದ್ದೇ ಬೇರೆ ಬ್ಯಾಂಡಿನ ಹಾಡು ನುಸುಳಿ, ಇಪಿ ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ. ಚಿಕ್ಕಮಗಳೂರಿನಿಂದ ಬೇಲೂರಿಗೆ ಹತ್ತಿರ ಹತ್ತಿರ 25 ಕಿಲೋಮೀಟರ್, ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿರಿ. ಎಲ್‌ಪಿ ಉದ್ದದ ಆಲ್ಬಮ್ ಅಷ್ಟರಲ್ಲಿ ಒಂದು ಸಲ ಮುಗಿಯುತ್ತದೆ. ಇಪ್ಪತ್ತು ನಿಮಿಷದ ಇಪಿ ಆದರೆ, ಬೇಲೂರಿನ ಬಸ್ ಸ್ಟ್ಯಾಂಡ್ ಬರುವ ಹೊತ್ತಿಗೆ ಎರಡನೇ ಸಲವೂ ಮುಗಿದಿರುತ್ತದೆ.