ಮೊಲದ ಬಿಳಿ ಉಚ್ಚೆ ಮತ್ತು ಕ್ಯಾಲ್ಸಿಯಂ ಲೆಕ್ಕ

ಪಶುಸಂಗೋಪನೆ ಡಿಪ್ಲೊಮಾ ಪರೀಕ್ಷೆಗೆ ಓದುತ್ತಾ ಬರೆದ ಟಿಪ್ಪಣಿ ಇದು. ಚಿತ್ತಾಪುರ ತಾಲೂಕಿನ ನಮ್ಮ ಮನೆಯಲ್ಲಿ ಹನ್ನೆರಡು ಮೊಲ ಇವೆ. ಪಟ್ಟಿಯಲ್ಲಿ ಓದಿದ್ದನ್ನು ಅವತ್ತೇ ಗೂಡಿನ ಹತ್ತಿರ ಹೋಗಿ ನೋಡುತ್ತಿದ್ದೆ. ದಾಣಿ ಅಂದರೆ ಜೋಳ, ಶೇಂಗಾ ಹಿಂಡಿ, ಬೂಸಾ ಸೇರಿಸಿದ ತಿನಿಸು. ಅದರಲ್ಲಿ ಯಾವುದು ಎಷ್ಟು ಅನ್ನೋದನ್ನು ಇಲ್ಲಿ ಬಿಟ್ಟಿದ್ದೇನೆ. ನೇರ ಖನಿಜಕ್ಕೆ ಬರುತ್ತೇನೆ.

ಬಿಳಿ ಉಚ್ಚೆ ಯಾಕೆ?

ಒಂದು ದಿನ ಅವ್ವ ಕರೆದಳು. "ತಮ್ಮಾ, ಮೊಲ ಸುಣ್ಣದಂಥ ಉಚ್ಚಿ ಹೊಯ್ಯಲಕತ್ತಾವ ನೋಡು. ಮೈಯಾಗಿನ ಸುಣ್ಣ ಎಲ್ಲಾ ಹೊಂಟದ. ಪುಡಿ ಜಾಸ್ತಿ ಹಾಕು." ನನಗೂ ಸರಿ ಅನ್ನಿಸಿತು, ದಾಣಿಗೆ ಬೆರೆಸುವ ಕ್ಯಾಲ್ಸಿಯಂ ಪುಡಿ ಜಾಸ್ತಿ ಹಾಕಿದೆ. ಅದು ಉಲ್ಟಾ ಕೆಲಸ.

ಆಕಳು ತನಗೆ ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಸಗಣಿಯಲ್ಲಿ ಬಿಡುತ್ತದೆ. ಮೊಲ ಹಾಗಲ್ಲ. ತಿಂದಷ್ಟಕ್ಕೂ ತಕ್ಕಂತೆ ಹೀರಿಕೊಳ್ಳುತ್ತದೆ. ಹೀಗಾಗಿ ಅದರ ರಕ್ತದಲ್ಲಿ ಕ್ಯಾಲ್ಸಿಯಂ ಬೇರೆ ಪ್ರಾಣಿಗಳಿಗಿಂತ ಜಾಸ್ತಿ. ಮಿಕ್ಕಿದ್ದು ಮೂತ್ರಪಿಂಡದ ಮೂಲಕ ಹೊರಗೆ ಬರುತ್ತದೆ. ಸ್ವಲ್ಪ ಬಿಳಿ ಇದ್ದರೆ ಅದು ಸಹಜ. ಆದರೆ ದಪ್ಪ ಕೆಸರಿನಂತೆ ಬಂದರೆ ತಿನ್ನಿಸಿದ್ದು ಅತಿಯಾಗಿದೆಯಾ ಅಂತ ನೋಡಬೇಕು. ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಇದೆ.

ನಾನು ಒಣಗಿದ ಕಲೆಯನ್ನು ಕೆರೆದು ಸ್ಟೀಲ್ ಚಮಚದಲ್ಲಿ ಹಾಕಿ, ಎರಡು ಹನಿ ನಿಂಬೆರಸ ಬಿಟ್ಟೆ. ಸಣ್ಣ ಗುಳ್ಳೆ ಎದ್ದವು. ಅದು ಕ್ಯಾಲ್ಸಿಯಂ ಕಾರ್ಬೋನೇಟ್. ನೀವು ಮಾಡುವುದಾದರೆ ನೆಲದ ಮೇಲೆ ಮಾಡಬೇಡಿ. ನಮ್ಮ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ, ಹುಳಿ ಬಿದ್ದರೆ ಅದೂ ಗುಳ್ಳೆ ಬಿಡುತ್ತದೆ, ಕಲೆಯೂ ಉಳಿಯುತ್ತದೆ.

ಹಸಿ ತೂಕ, ಒಣ ತೂಕ (ನಾನು ಎಡವಿದ್ದು ಇಲ್ಲೇ)

ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ 1977ರ ಪಟ್ಟಿಯಂತೆ ಆಹಾರದಲ್ಲಿ ಬೆಳೆಯುವ ಮರಿಗೆ ಕ್ಯಾಲ್ಸಿಯಂ 0.4%, ರಂಜಕ (ಫಾಸ್ಫರಸ್) 0.22% ಸಾಕು. ಹಾಲುಣಿಸುವ ತಾಯಿಗೆ ಕ್ಯಾಲ್ಸಿಯಂ 0.75%, ರಂಜಕ 0.5% ಬೇಕು.

ಕುದುರೆ ಮೆಂತೆಯಲ್ಲಿ (ಲೂಸರ್ನ್ ಮೇವು) ಕ್ಯಾಲ್ಸಿಯಂ ಸುಮಾರು 1.5% ಅಂತ ಓದಿ, ದಿನಕ್ಕೆ ಹಾಕುವ 200 ಗ್ರಾಂ ಸೊಪ್ಪಿಗೆ ನೇರ ಗುಣಿಸಿದೆ. 3 ಗ್ರಾಂ ಬಂತು. ಇಷ್ಟು ಇರೋಕೆ ಸಾಧ್ಯವೇ ಇಲ್ಲ ಅನ್ನಿಸಿ ಪಟ್ಟಿಯನ್ನೇ ನಂಬದೆ ಬಿಟ್ಟೆ. ಆ 1.5% ಒಣ ತೂಕದ ಲೆಕ್ಕ ಅನ್ನೋದು ಎರಡು ದಿನ ಹೊಳೆಯಲಿಲ್ಲ. ಹಸಿ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಮೊದಲು ನೀರು ತೆಗೆಯಿರಿ, ಆಮೇಲೆ ಗುಣಿಸಿ.

ಸೊಪ್ಪು 200 ಗ್ರಾಂ. ನೀರು ಹೋದರೆ 40 ಗ್ರಾಂ. ಅದರ 1.5% ಅಂದರೆ 0.6 ಗ್ರಾಂ ಕ್ಯಾಲ್ಸಿಯಂ.

ದಾಣಿ 100 ಗ್ರಾಂ, ಒಣ ತೂಕ ಸುಮಾರು 90 ಗ್ರಾಂ. ಕಾಳು, ಬೂಸಾದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, 0.1 ಗ್ರಾಂ ಹಿಡಿಯಿರಿ.

ಒಟ್ಟು 130 ಗ್ರಾಂ ಒಣ ಆಹಾರದಲ್ಲಿ 0.7 ಗ್ರಾಂ, ಅಂದರೆ 0.54%. ಮರಿಗೆ ಬೇಕಿದ್ದು 0.4%. ಪುಡಿ ಹಾಕುವ ಮೊದಲೇ ಸಾಕಾಗಿದೆ! ಇದರ ಮೇಲೆ ದಾಣಿಗೆ 2% ಡಿಸಿಪಿ ಸೇರಿಸಿದರೆ (ಡಿಸಿಪಿ ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್, ಅವ್ವ ಹೇಳಿದ ಪುಡಿ ಇದೇ; ಅದರಲ್ಲಿ ಕ್ಯಾಲ್ಸಿಯಂ ಸುಮಾರು 23%) ಇನ್ನೂ 0.46 ಗ್ರಾಂ ಹೋಗುತ್ತದೆ. ಆಗ 0.89% ಆಗುತ್ತದೆ, ಬೇಕಾದ್ದಕ್ಕಿಂತ ಎರಡು ಪಟ್ಟು ಮೇಲೆ. ಗೂಡಿನ ಕೆಳಗಿನ ತಟ್ಟೆಯಲ್ಲಿ ಬಿಳಿ ಉಚ್ಚೆಯಾಗಿ ಕಂಡದ್ದು ಇದೇ.

2% ಡಿಸಿಪಿ ಅಂದರೆ 2% ಕ್ಯಾಲ್ಸಿಯಂ ಅಲ್ಲ ಅನ್ನೋದನ್ನೂ ಗಮನಿಸಿ. ಪುಡಿಯ ತೂಕ ಬೇರೆ, ಅದರೊಳಗಿನ ಕ್ಯಾಲ್ಸಿಯಂ ಬೇರೆ. ಚೀಲದ ಮೇಲಿನ ಅಂಕಿ ಓದಿಯೇ ಲೆಕ್ಕ ಹಾಕಿ.

ಈಗ ಅದೇ ಲೆಕ್ಕ ಹಾಲುಣಿಸುವ ತಾಯಿಗೆ ಹಾಕಿ. ದಾಣಿ 200 ಗ್ರಾಂ, ಸೊಪ್ಪು ಅಷ್ಟೇ. ಒಣ ಆಹಾರ 220 ಗ್ರಾಂ, ಅದರ 0.75% ಅಂದರೆ 1.65 ಗ್ರಾಂ ಬೇಕು. ಸಿಗೋದು 0.8 ಗ್ರಾಂ ಮಾತ್ರ. ಕೊರತೆ ತುಂಬಲು 3.7 ಗ್ರಾಂ ಡಿಸಿಪಿ ಬೇಕು, ದಾಣಿಯ 2%ಕ್ಕೆ ಹತ್ತಿರ. ಅಂದರೆ ಆ 2% ತಾಯಿಗೆ ಸರಿಯಾದದ್ದು. ನಾವು ಒಂದೇ ಡಬ್ಬಿಯಿಂದ ಎಲ್ಲಕ್ಕೂ ಹಾಕುತ್ತಿದ್ದೆವು. ಈಗ ಎರಡು ಡಬ್ಬಿ ಮಾಡಿದ್ದೇವೆ. ತಾಯಿಯ ಡಬ್ಬಿಗೆ ಅವ್ವ ಕೆಂಪು ದಾರ ಕಟ್ಟಿದ್ದಾಳೆ.

ಉಳಿದವು

ರಂಜಕ: ಕಾಳಿನ ರಂಜಕದಲ್ಲಿ ಹೆಚ್ಚಿನದು ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತದೆ. ಕೋಳಿಗೆ ಅದು ಅಷ್ಟಾಗಿ ದಕ್ಕುವುದಿಲ್ಲ. ಮೊಲದ ಸೀಕಮ್‌ನಲ್ಲಿರುವ (ದೊಡ್ಡ ಕರುಳಿನ ಶುರುವಿನಲ್ಲಿರುವ ಚೀಲ) ಸೂಕ್ಷ್ಮಜೀವಿಗಳು ಅದನ್ನು ಬಿಡಿಸುತ್ತವೆ. ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ಮತ್ತೆ ತಿನ್ನುವುದರಿಂದ ಅದು ಮೈಗೆ ಸೇರುತ್ತದೆ. ಅದನ್ನು ತಿನ್ನದಂತೆ ತಡೆಯಬೇಡಿ.

ಉಪ್ಪು: ದಾಣಿಯಲ್ಲಿ 0.5%, ಕ್ವಿಂಟಲ್‌ಗೆ ಅರ್ಧ ಕೆಜಿ. ಅಯೋಡಿನ್ ಇರುವ ಅಡುಗೆ ಉಪ್ಪೇ ಸಾಕು. ಉಪ್ಪಿನ ಇಟ್ಟಿಗೆ ನೇತು ಹಾಕಿದರೆ ಗೂಡಿನ ತಂತಿ ತುಕ್ಕು ಹಿಡಿಯುತ್ತದೆ.

ಪೊಟ್ಯಾಷಿಯಂ ಹಸಿ ಮೇವಿನಲ್ಲೇ ಬೇಕಾದಷ್ಟು ಇದೆ.