ಎಲ್‌ಡಿಸಿ ಅಂದ್ರೆ ಏನು? ಆ ಪಟ್ಟಿಯಿಂದ ಹೊರಬರಲು ದೇಶಗಳು ಯಾಕೆ ಹೆದರುತ್ತವೆ?

ಬಾಂಗ್ಲಾದೇಶದ ಆರ್ಥಿಕತೆಯ ಬಗ್ಗೆ ಏನೇ ಓದಿದರೂ ಈಚೆಗೆ ಎಲ್‌ಡಿಸಿ ಅನ್ನೋ ಮೂರಕ್ಷರ ಸಿಕ್ಕೇ ಸಿಗುತ್ತದೆ. ಲೀಸ್ಟ್ ಡೆವಲಪ್ಡ್ ಕಂಟ್ರಿ, ಅಂದರೆ ಅಭಿವೃದ್ಧಿಯಲ್ಲಿ ತೀರಾ ಹಿಂದುಳಿದ ದೇಶ. ಯಾರೋ ಒಬ್ಬರು ಬಡ ದೇಶ ಅಂತ ಕರೆದರು ಅಂದಮಾತ್ರಕ್ಕೆ ಒಂದು ದೇಶ ಎಲ್‌ಡಿಸಿ ಆಗುವುದಿಲ್ಲ. ಅದಕ್ಕೆ ವಿಶ್ವಸಂಸ್ಥೆಯದೇ ಒಂದು ಪಟ್ಟಿ ಇದೆ. 1971ರಲ್ಲಿ 25 ದೇಶಗಳಿಂದ ಶುರುವಾದ ಪಟ್ಟಿ ಅದು. 2024ರ ಕೊನೆಗೆ ಅದರಲ್ಲಿ 44 ದೇಶಗಳಿದ್ದವು. ಹೆಚ್ಚಿನವು ಆಫ್ರಿಕಾದವು. ನಮ್ಮ ಅಕ್ಕಪಕ್ಕದಲ್ಲಿ ಬಾಂಗ್ಲಾದೇಶ, ನೇಪಾಳ, ಮ್ಯಾನ್ಮಾರ್, ಅಫ್ಘಾನಿಸ್ತಾನ. ಭಾರತ ಯಾವತ್ತೂ ಈ ಪಟ್ಟಿಯಲ್ಲಿ ಇರಲಿಲ್ಲ.

ಆದಾಯ ಒಂದನ್ನೇ ನೋಡಿ ಈ ಪಟ್ಟಿ ಮಾಡುವುದಿಲ್ಲ. ವಿಶ್ವಬ್ಯಾಂಕ್ ದೇಶಗಳನ್ನು ತಲಾ ಆದಾಯದ ಮೇಲೆ ವಿಂಗಡಿಸುತ್ತದಲ್ವಾ, ಅದು ಬೇರೆ, ಇದು ಬೇರೆ. 2015ರಲ್ಲೇ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಬಾಂಗ್ಲಾದೇಶ ಕೆಳ ಮಧ್ಯಮ ಆದಾಯದ ದೇಶವಾಯಿತು, ಆದರೂ ಎಲ್‌ಡಿಸಿ ಪಟ್ಟಿಯಲ್ಲೇ ಉಳಿಯಿತು. ವಿಶ್ವಸಂಸ್ಥೆಯ ಸಮಿತಿ ಮೂರು ವರ್ಷಕ್ಕೊಮ್ಮೆ ಕೂತು ಮೂರು ವಿಷಯ ನೋಡುತ್ತದೆ. ಮೊದಲನೆಯದು ತಲಾ ಆದಾಯ. ಎರಡನೆಯದು ಜನರ ಸ್ಥಿತಿ, ಅಂದರೆ ಐದು ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ಸಾಯುತ್ತಾರೆ, ಹೆರಿಗೆಯಲ್ಲಿ ಎಷ್ಟು ತಾಯಂದಿರು ಜೀವ ಬಿಡುತ್ತಾರೆ, ಎಷ್ಟು ಜನ ಓದು ಬರಹ ಬಲ್ಲವರು ಇಂಥವು. ಮೂರನೆಯದು ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ. ದೇಶ ಒಂದೇ ಸರಕಿನ ರಫ್ತನ್ನು ನಂಬಿಕೊಂಡಿದೆಯಾ, ಸಮುದ್ರ ಉಕ್ಕಿದರೆ ಮುಳುಗುವ ಜಾಗದಲ್ಲಿ ಎಷ್ಟು ಜನ ಇದ್ದಾರೆ, ಬೆಳೆ ಎಷ್ಟು ಸಲ ಕೈಕೊಡುತ್ತದೆ ಅನ್ನುವುದೆಲ್ಲ ಇಲ್ಲಿ ಬರುತ್ತದೆ. ಇದು ಒಳ್ಳೆಯ ಅಳತೆ ಅಂತಲೇ ನನ್ನ ಅನಿಸಿಕೆ, ಯಾಕಂದರೆ ಜೇಬಿನಲ್ಲಿ ದುಡ್ಡಿದ್ದೂ ಒಂದೇ ಚಂಡಮಾರುತಕ್ಕೆ ಬೀದಿಗೆ ಬರುವ ದೇಶಗಳಿವೆ.

ಮೂರರಲ್ಲಿ ಎರಡನ್ನಾದರೂ ಸತತ ಎರಡು ಪರಿಶೀಲನೆಗಳಲ್ಲಿ ದಾಟಿದರೆ ಆ ದೇಶ ಹೊರಬರಲು ಅರ್ಹ. ಇದನ್ನೇ ಗ್ರಾಜುಯೇಷನ್ ಅನ್ನುತ್ತಾರೆ. ಆದಾಯ ಗೊತ್ತುಮಾಡಿದ ಮಿತಿಗಿಂತ ತುಂಬಾ ಮೇಲಿದ್ದರೆ ಅದೊಂದೇ ಸಾಕು. ಈಕ್ವೆಟೋರಿಯಲ್ ಗಿನಿ 2017ರಲ್ಲಿ ಹೊರಬಂದದ್ದು ಹಾಗೆ, ಬರೀ ತೈಲದ ದುಡ್ಡಿನ ಬಲದಿಂದ. ಅಲ್ಲಿನ ಜನರ ಆರೋಗ್ಯ, ಓದು ಆ ಮಟ್ಟಕ್ಕೆ ಬಂದಿರಲೇ ಇಲ್ಲ. ಈ ನಿಯಮ ನನಗೆ ಸರಿ ಕಾಣುವುದಿಲ್ಲ.

ಐವತ್ತು ವರ್ಷ ದಾಟಿದರೂ 2024ರ ಕೊನೆಯವರೆಗೆ ಹೊರಬಂದವು ಎಂಟೇ ದೇಶ. 1994ರಲ್ಲಿ ಬೋಟ್ಸ್ವಾನಾ ಮೊದಲನೆಯದು. ನಮ್ಮ ಪಕ್ಕದ ಭೂತಾನ್ 2023ರ ಡಿಸೆಂಬರ್‌ನಲ್ಲಿ ಬಂತು. ಮಾಲ್ಡೀವ್ಸ್ ಕಥೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 2004ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಆ ದೇಶವನ್ನು ಪಟ್ಟಿಯಿಂದ ತೆಗೆಯುವ ತೀರ್ಮಾನ ಮಾಡಿತು. ಆರೇ ದಿನಕ್ಕೆ, ಡಿಸೆಂಬರ್ 26ಕ್ಕೆ, ಸುನಾಮಿ ಬಂತು. ಸಮುದ್ರ ಮಟ್ಟಕ್ಕಿಂತ ಕೊಂಚವೇ ಮೇಲಿರುವ ದ್ವೀಪಗಳು, ಮನೆ, ಮೀನುಗಾರರ ದೋಣಿ, ರೆಸಾರ್ಟು ಎಲ್ಲಕ್ಕೂ ಹೊಡೆತ ಬಿತ್ತು. ಕೊನೆಗೆ ಗಡುವು ಮುಂದೂಡಿ, 2011ರ ಜನವರಿಯಲ್ಲಷ್ಟೇ ಅದು ಹೊರಬಂದದ್ದು. ಸಮೋವಾಗೂ 2009ರ ಸುನಾಮಿಯಿಂದ, ವನುವಾಟುಗೂ 2015ರ ಪಾಮ್ ಚಂಡಮಾರುತದಿಂದ ಹೀಗೇ ಆಯಿತು. ಮೂರನೇ ಅಳತೆ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಹೊರಬರುವುದು ಗೌರವದ ವಿಷಯವೇ, ಮತ್ತೆ ಹೆದರಿಕೆ ಯಾಕೆ? ನಮ್ಮಲ್ಲಿ ಆದಾಯ ಸ್ವಲ್ಪ ಮಿತಿ ದಾಟಿತು ಅಂತ ಬಿಪಿಎಲ್ ಕಾರ್ಡ್ ರದ್ದಾದ ಮನೆಯವರನ್ನು ಕೇಳಿ, ಗೊತ್ತಾಗುತ್ತದೆ. ಎಲ್‌ಡಿಸಿ ಅನ್ನುವ ಹೆಸರಿನ ಜೊತೆ ಸವಲತ್ತುಗಳಿವೆ. ಅದರಲ್ಲಿ ದೊಡ್ಡದು ಯುರೋಪಿನ ಮಾರುಕಟ್ಟೆ. 2001ರಿಂದ ಯುರೋಪಿಯನ್ ಒಕ್ಕೂಟ ಎಲ್‌ಡಿಸಿಗಳಿಂದ ಬರುವ, ಶಸ್ತ್ರಾಸ್ತ್ರ ಒಂದನ್ನು ಬಿಟ್ಟು ಉಳಿದೆಲ್ಲ ಸರಕಿಗೆ ಸುಂಕವಿಲ್ಲದೆ ಬಾಗಿಲು ತೆರೆದಿದೆ.

ಒಂದು ಶರ್ಟನ್ನೇ ತೆಗೆದುಕೊಳ್ಳಿ. ಚೀನಾದಲ್ಲಿ ನೇಯ್ದ ಬಟ್ಟೆ ಚಟ್ಟೋಗ್ರಾಮ್ ಬಂದರಿಗೆ ಬಂದು ಇಳಿಯುತ್ತದೆ. ಢಾಕಾ ಪಕ್ಕದ ಗಾಜಿಪುರದ ಗಾರ್ಮೆಂಟ್ಸ್‌ನಲ್ಲಿ ಅದನ್ನು ಕತ್ತರಿಸಿ, ಹೊಲಿದು, ಕಾಜಾ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಡಬ್ಬಕ್ಕೆ ತುಂಬಿ ಜರ್ಮನಿಗೆ ಕಳಿಸುತ್ತಾರೆ. ಬಟ್ಟೆ ಹೊರಗಿನದಾದರೂ ಹೊಲಿಗೆ ಅಲ್ಲೇ ಆಯಿತಲ್ಲ, 2011ರಿಂದ ಎಲ್‌ಡಿಸಿಗೆ ಅಷ್ಟೇ ಸಾಕು, ಸುಂಕ ಸೊನ್ನೆ. ರಿಯಾಯಿತಿ ಯಾವುದೂ ಇಲ್ಲದಿದ್ದರೆ ಅದೇ ಶರ್ಟಿಗೆ ಶೇ. 12ರಷ್ಟು ಸುಂಕ. ಆರು ಯೂರೋ ಶರ್ಟು ಅಂತ ಲೆಕ್ಕ ಹಾಕಿದರೆ 72 ಸೆಂಟ್. ಪೈಸೆ ಪೈಸೆಗೂ ಚೌಕಾಸಿ ನಡೆಯುವ ಈ ವ್ಯಾಪಾರದಲ್ಲಿ ಅಷ್ಟು ಹಣಕ್ಕೆ ಆರ್ಡರ್ ಬೇರೆ ದೇಶಕ್ಕೆ ಹೋಗಬಹುದು. ಪಟ್ಟಿಯಿಂದ ಹೊರಬಂದವರಿಗೂ ಇನ್ನೊಂದು ರಿಯಾಯಿತಿ ಯೋಜನೆ ಇದೆ, ಆದರೆ ಅದರಲ್ಲಿ ಬಟ್ಟೆಯನ್ನೂ ಅಲ್ಲೇ ನೇಯ್ದಿರಬೇಕು. ಟೀ ಶರ್ಟಿನ ಹೆಣಿಗೆ ಬಟ್ಟೆ ಬಾಂಗ್ಲಾದೇಶದಲ್ಲೇ ಜಾಸ್ತಿ ತಯಾರಾಗುತ್ತದೆ, ಅವರು ಹೇಗೋ ದಾಟಿಕೊಳ್ಳುತ್ತಾರೆ. ಪ್ಯಾಂಟು, ಫಾರ್ಮಲ್ ಶರ್ಟು ಹೊಲಿಯುವವರಿಗೆ ಕಷ್ಟ. ಆ ದೇಶದ ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಸಿದ್ಧ ಉಡುಪು ಅನ್ನುವುದನ್ನು ಇದರ ಜೊತೆಗಿಟ್ಟು ನೋಡಬೇಕು.

ಇದು ಬೆಂಗಳೂರಿಗೂ ತಾಗುವ ವಿಷಯ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳೂ ಅದೇ ವಿದೇಶಿ ಬ್ರ್ಯಾಂಡುಗಳಿಗೆ ಹೊಲಿಯುತ್ತವೆ. ಅಲ್ಲಿ ಆರ್ಡರ್ ಕಡಿಮೆಯಾದರೆ ನಮಗೆ ಲಾಭ ಅಂತ ಕೆಲವರು ಖುಷಿಪಡುತ್ತಾರೆ. ನನಗಂತೂ ಹಾಗೆ ಖುಷಿಪಡಲು ಮನಸ್ಸು ಬರುವುದಿಲ್ಲ. ಗಾಜಿಪುರದಲ್ಲಾಗಲಿ ಪೀಣ್ಯದಲ್ಲಾಗಲಿ ಮಿಷನ್ ಮುಂದೆ ಕೂತವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳೇ, ಅವರ ಸಂಬಳವನ್ನು ಒಬ್ಬರ ವಿರುದ್ಧ ಇನ್ನೊಬ್ಬರದ್ದು ತೋರಿಸಿಯೇ ಕೆಳಗೆ ಹಿಡಿದಿಡುವುದು.

ಔಷಧಿಯದ್ದು ಇನ್ನೊಂದು ಮಗ್ಗುಲು. ಎಲ್‌ಡಿಸಿಗಳು 2033ರ ಜನವರಿಯವರೆಗೆ ಔಷಧಿಗೆ ಪೇಟೆಂಟ್ ಕೊಡಬೇಕಾಗಿಲ್ಲ, ವಿಶ್ವ ವ್ಯಾಪಾರ ಸಂಸ್ಥೆಯ ವಿನಾಯಿತಿ ಅದು. ಬೇರೆ ಕಡೆ ಪೇಟೆಂಟ್ ಇರುವ ಮಾತ್ರೆಯನ್ನೂ ಬಾಂಗ್ಲಾದೇಶದ ಕಂಪನಿಗಳು ಕಡಿಮೆ ಬೆಲೆಗೆ ಮಾಡಿ ಮಾರಬಹುದು. ಪಟ್ಟಿಯಿಂದ ಹೊರಬಂದರೆ ಆ ಹಕ್ಕು ಹೋಗುತ್ತದೆ.

1975ರಲ್ಲಿ ಪಟ್ಟಿಗೆ ಸೇರಿದ ಬಾಂಗ್ಲಾದೇಶ 2018 ಮತ್ತು 2021ರ ಪರಿಶೀಲನೆಯಲ್ಲಿ ಮೂರೂ ಅಳತೆಗಳನ್ನು ದಾಟಿತು. ಎಂಥ ಸಾಧನೆ ಅದು! ನೇಪಾಳ, ಲಾವೋಸ್ ಜೊತೆಗೆ ಅದು ಹೊರಬರಲು 2026ರ ನವೆಂಬರ್ 24 ಅಂತ ದಿನ ಗೊತ್ತುಮಾಡಿದರು. ಸಾಮಾನ್ಯವಾಗಿ ತಯಾರಿಗೆ ಮೂರು ವರ್ಷ ಕೊಡುತ್ತಾರೆ, ಕೋವಿಡ್ ಕಾರಣಕ್ಕೆ ಇವಕ್ಕೆ ಐದು ಕೊಟ್ಟರು. ಹೊರಬಂದ ಮೇಲೂ ಯುರೋಪ್ ಮೂರು ವರ್ಷ ಸುಂಕ ಹಾಕುವುದಿಲ್ಲ. ಅಷ್ಟಾದರೂ ಅಲ್ಲಿನ ಗಾರ್ಮೆಂಟ್ಸ್ ಮಾಲೀಕರ ಸಂಘಟನೆಗಳು ಗಡುವು ಮುಂದೂಡಿ ಅಂತ ಕೇಳುತ್ತಾ ಬಂದಿವೆ. ಬಟ್ಟೆ ನೇಯುವ ಗಿರಣಿ ಕಟ್ಟಲು ಸಮಯ ಬೇಕು ಅನ್ನುವುದು ನಿಜವೇ. ಆದರೆ ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ಸಂಬಳ 2023ರಲ್ಲಿ ನಿಗದಿಯಾದಂತೆ ತಿಂಗಳಿಗೆ 12,500 ಟಾಕಾ, ಅದೂ ಬೀದಿಗಿಳಿದು ಹೋರಾಡಿದ ಮೇಲೆ ಸಿಕ್ಕಿದ್ದು. ಸುಂಕದ ಹೊರೆಯಲ್ಲಿ ಬ್ರ್ಯಾಂಡುಗಳ ಪಾಲೆಷ್ಟು, ಮಾಲೀಕರ ಪಾಲೆಷ್ಟು ಅನ್ನುವುದು ಮೊದಲೇ ತೀರ್ಮಾನ ಆಗಬೇಕು, ಇಲ್ಲದಿದ್ದರೆ ಅದನ್ನು ಈ ಸಂಬಳದಿಂದಲೇ ಕತ್ತರಿಸಲು ನೋಡುತ್ತಾರೆ.